ಹಿತ್ತಲಿನ ಋಣ

ಆಶ್ವಯುಜವು ಕಳೆದು ಕಾರ್ತೀಕವು ಸಮೀಪಿಸುವ ಕಾಲದಲ್ಲಿ ನಮ್ಮ ಸೀಮೆಯ ಹಿತ್ತಲುಗಳು ನೋಟಕ್ಕೆ ಅಷ್ಟೇನೂ ಸೊಗಸಾಗಿರುವುದಿಲ್ಲ. ಮುಂಗಾರಿನ ಹೀರೆ ಪಡವಲಗಳ ಬಳ್ಳಿಗಳು ಒಣಗಿ ಚಪ್ಪರದಿಂದ ಜೋತುಬಿದ್ದಿರುವುವು. ಬದನೆಯ ಗಿಡವು ಮುಪ್ಪಾಗಿ ಕಾಯಿ ಕಿರಿದಾಗಿರುವುದು. ಅವರೆ ಮಾತ್ರ ಹೂವಿಗೆ ಬರುವ ಸನ್ನಾಹದಲ್ಲಿರುವುದು. ಈ ಕಾಲದಲ್ಲಿ ಹಿತ್ತಲಿನಿಂದ ಬರತಕ್ಕದ್ದು ಅತ್ಯಲ್ಪ, ಹಿತ್ತಲಿಗೆ ಸಲ್ಲತಕ್ಕದ್ದು ಬಹಳ. ಚಿತ್ತೆ ಸ್ವಾತಿ ಮಳೆಗಳ ನಡುವಣ ಬಿಡುವಿನಲ್ಲಿ ಹಳೆಯ ಬಳ್ಳಿಯನ್ನು ಕಿತ್ತು, ಮಣ್ಣನ್ನು ಅಗೆದು, ಕಳಿತ ಗೊಬ್ಬರವನ್ನು ಬೆರೆಸಿ, ಮಡಿಗಳನ್ನು ಕಟ್ಟಿ, ಬೀಜಕ್ಕೆಂದು ಬಿಟ್ಟ ಕಾಯನ್ನು ಒಣಗಿಸಿಡಬೇಕು. ಈ ಸಾಮಾನ್ಯವಾದ ಕೆಲಸದಲ್ಲಿ ಧರ್ಮಸಂಬಂಧವಾದ ಒಂದು ಪ್ರಶ್ನೆಯು ಅಡಗಿದೆ. ಇಂದು ಕಾಣದ ಫಲಕ್ಕಾಗಿ, ಅದೂ ತನಗೇ ಸಲ್ಲುವುದೆಂಬ ಭರವಸೆಯಿಲ್ಲದ ಫಲಕ್ಕಾಗಿ, ದುಡಿಯಬೇಕಾದ ಹೊಣೆ ಮನುಷ್ಯನಿಗೆ ಉಂಟೆ?

ಇದಕ್ಕೆ ಲೋಕದಲ್ಲಿ ಎರಡು ಉತ್ತರಗಳು ಪ್ರಸಿದ್ಧವಾಗಿವೆ. ಬಿತ್ತಿದವನು ಬೆಳೆವನು, ಆದುದರಿಂದ ಇದು ಸ್ವಹಿತದ ಲೆಕ್ಕವೇ ಹೊರತು ಧರ್ಮದ ಮಾತಲ್ಲ ಎಂಬುದು ಮೊದಲನೆಯದು. ಫಲದ ಆಸೆಯನ್ನೇ ತೊರೆದು ಕರ್ಮವನ್ನು ಮಾಡತಕ್ಕದ್ದೆಂಬುದು ಎರಡನೆಯದು. ಎರಡೂ ಗೌರವಕ್ಕೆ ಅರ್ಹವಾದುವೇ. ಆದರೆ ಹಿತ್ತಲಿನಲ್ಲಿ ನಿಂತು ನೋಡಿದರೆ ಎರಡೂ ಸಾಲವು. ಫಲದ ಆಸೆಯಿಲ್ಲದ ತೋಟಗಾರನು ಒಳ್ಳೆಯ ತೋಟಗಾರನಾಗಲಾರನು. ಎಲೆಯ ಅಡಿಯ ಹುಳುವನ್ನು ಹುಡುಕಿಸುವುದೂ ಬೇಸಗೆಯಲ್ಲಿ ನೀರು ಹೊರಿಸುವುದೂ ಆ ಆಸೆಯೇ. ಇನ್ನು ಸ್ವಹಿತದ ಲೆಕ್ಕವೋ, ನೆಲವು ತನ್ನ ಕೈಯಲ್ಲಿಯೇ ಉಳಿಯುವುದೆಂಬ ನಂಬಿಕೆಯಿರುವವನಿಗೆ ಮಾತ್ರ ಸರಿಹೋಗುವುದು.

ಆ ನಂಬಿಕೆಯಿಲ್ಲದವರು ಎಷ್ಟು ಮಂದಿ! 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಪದ್ಧತಿಯನ್ನು ಕಾನೂನಿನಲ್ಲಿ ಕೊನೆಗಾಣಿಸಿತು. ಆದರೂ ವರ್ಷದ ಗುತ್ತಿಗೆಯೂ ವಾರವೂ ಬಾಯಿಮಾತಿನ ಮೇಲೆ ನಡೆಯುತ್ತಲೇ ಇವೆ. ಅರ್ಧ ಎಕರೆಯನ್ನು ಒಂದು ವರ್ಷಕ್ಕೆ ಹಿಡಿದು ಕಾಯಿಪಲ್ಯ ಬೆಳೆಯುವವನು ಹೀಗೆ ಕೇಳಬಹುದು: "ಸ್ವಾಮಿ, ಹಾಕಿದ ತಿಪ್ಪೆಗೊಬ್ಬರದ ಸಾರವೆಲ್ಲ ಒಂದೇ ಬೆಳೆಗೆ ತೀರುವುದಿಲ್ಲ, ಎರಡನೆಯ ಮೂರನೆಯ ಬೆಳೆಗೂ ಉಳಿಯುವುದು. ಅಷ್ಟು ಹೊತ್ತಿಗೆ ಈ ನೆಲದಲ್ಲಿ ನಾನಿರುವೆನೋ ಇಲ್ಲವೋ. ಪರರ ನೆಲಕ್ಕೆ ನನ್ನ ಬೆವರನ್ನು ಏಕೆ ಹೂಳಲಿ?" ಈ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಧರ್ಮವನ್ನು ಬೋಧಿಸುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು.

ಉತ್ತರವನ್ನು ನೆಲವೇ ಸ್ವಲ್ಪಮಟ್ಟಿಗೆ ಹೇಳಿಕೊಡುವುದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಮ್ಮಣ್ಣಿನಲ್ಲಿ ಮುಂಗಾರಿಗೆ ನಾಟಿಯಾದ ಹೊಗೆಸೊಪ್ಪು ಈ ವೇಳೆಗೆ ಬ್ಯಾರನ್‌ಗಳಲ್ಲಿ ಹದಗೊಂಡು ಹರಾಜಿಗೆ ಹೊರಡುವುದು. ತೆರವಾದ ಹೊಲದ ಮೂಲೆಯಲ್ಲಿ ಬದನೆಯನ್ನೋ ಟೊಮೇಟೊವನ್ನೋ ನೆಡೋಣವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಬದನೆ, ಟೊಮೇಟೊ, ಮೆಣಸಿನಕಾಯಿಗಳು ಹೊಗೆಸೊಪ್ಪಿನ ಕುಲದವೇ. ಅದರ ಬೇರಿನಲ್ಲಿ ಗಂಟುಕಟ್ಟುವ ಕಣ್ಣಿಗೆ ಕಾಣದ ಹುಳು ಇವುಗಳ ಬೇರನ್ನೂ ಹಿಡಿಯುವುದು. ಅಲ್ಲಿ ರಾಗಿಯನ್ನು ಬೆಳೆದು ನೆಲವನ್ನು ಹದಕ್ಕೆ ತಂದರೆ ಆ ಹುಳುವಿನ ಹಾವಳಿ ತಗ್ಗುವುದು. ಅವರೆ ಅಲಸಂದೆಗಳ ನಡತೆ ಇದಕ್ಕೆ ವಿರುದ್ಧವಾದುದು. ಅವುಗಳ ಬೇರಿನಲ್ಲಿಯೂ ಗಂಟುಗಳುಂಟು. ಆದರೆ ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸತಕ್ಕವು. ಕೊಯ್ಲಾದ ಮೇಲೆ ಗಿಡವನ್ನು ಕೀಳದೆ ಬುಡದಲ್ಲಿ ಕೊಯ್ದರೆ ಬೇರು ಅಲ್ಲಿಯೇ ಕೊಳೆತು ಮುಂದಿನ ಬೆಳೆಗೆ ಆಹಾರವಾಗುವುದು.

ಹೀಗೆ ಮೊದಲಿದ್ದವನು ಬಿಟ್ಟುಹೋದ ಗಂಟನ್ನು ಮುಂದೆ ಬಂದವನು ಅನುಭವಿಸುವನು. ಅದು ರೋಗದ ಗಂಟೋ ಪುಷ್ಟಿಯ ಗಂಟೋ ಎಂಬುದಷ್ಟೇ ಭೇದ. ಬರಿಯ ನೆಲವನ್ನು ಯಾರೂ ಪಡೆಯುವುದಿಲ್ಲ. ಯಾರೋ ಸಿದ್ಧಪಡಿಸಿದ ಅಥವಾ ಕೆಡಿಸಿದ ನೆಲವನ್ನೇ ಪ್ರತಿಯೊಬ್ಬನೂ ಪಡೆಯುವನು. ಆದಕಾರಣ ಶರತ್ಕಾಲದಲ್ಲಿ ಮಣ್ಣಿಗೆ ಗೊಬ್ಬರ ಹಾಕುವುದು ದಾನವೂ ಅಲ್ಲ, ಹೂಡಿದ ಬಂಡವಾಳವೂ ಅಲ್ಲ, ಪಡೆದುದನ್ನು ಹಿಂದಿರುಗಿಸುವುದು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸುವ ನಾಡಿನಲ್ಲಿ ಇದನ್ನು ಋಣವೆಂದು ಕರೆದರೆ ತಪ್ಪಾಗಲಾರದು. ಕೊಟ್ಟವನು ಕಾಣಸಿಗದಿದ್ದಾಗ ಮುಂದೆ ಬರುವವನಿಗೆ ಕೊಟ್ಟು ತೀರಿಸುವುದೇ ಇಂತಹ ಋಣದ ರೀತಿ.

ಆದರೆ ಋಣವು ಬಡವನೊಬ್ಬನದೇ ಎಂದು ತಿಳಿಯಬಾರದು. ಗುತ್ತಿಗೆದಾರನು ನೆಲವನ್ನು ಹಸನಾಗಿಸಿದರೆ ಉಳಿದ ಸಾರವು ಒಡೆಯನಿಗೆ ಸೇರುವುದು. ಹಾಗಿರುವಾಗ ಗೊಬ್ಬರದ ವೆಚ್ಚದಲ್ಲಿ ಪಾಲು ಹೊರುವುದು, ಇಲ್ಲವೆ ಇನ್ನೆರಡು ವರ್ಷ ಅವನನ್ನೇ ಮುಂದುವರಿಸುವುದು ಒಡೆಯನ ಕರ್ತವ್ಯ. ವರ್ಷಕ್ಕೊಬ್ಬನನ್ನು ಬದಲಾಯಿಸುತ್ತ, ನೆಲವನ್ನು ಬರಿದುಮಾಡಿದರೆಂದು ದೂರುವವನಿಗೆ ದೂರುವ ಹಕ್ಕಿಲ್ಲ. ಇದೇ ಮಾತು ಸರ್ಕಾರಕ್ಕೂ ಸಲ್ಲುವುದು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಅನೇಕ ಹಳ್ಳಿಗಳು ಮುಳುಗಿದುವು. ಜನರು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಮನೆಗೆ ಬೆಲೆಕಟ್ಟಬಹುದು, ಎಕರೆಗೂ ಬೆಲೆಕಟ್ಟಬಹುದು. ತಲೆಮಾರುಗಳ ಕೊಟ್ಟಿಗೆಗೊಬ್ಬರವನ್ನುಂಡು ಕಪ್ಪಾದ ಹಿತ್ತಲಿನ ಮಣ್ಣಿಗೆ ಯಾವ ಪಟ್ಟಿಯಲ್ಲಿ ಬೆಲೆಯುಂಟು? ಬೀಜವನ್ನು ಸೆರಗಿನಲ್ಲಿ ಕಟ್ಟಿ ಒಯ್ಯಬಹುದು, ಮಣ್ಣನ್ನು ಒಯ್ಯಲಾಗದು. ಹೊಸ ನೆಲದಲ್ಲಿ ಮೊದಲಿನಿಂದ ತೊಡಗಬೇಕಾದವನಿಗೆ ಆ ನೆಲವು ಹದಕ್ಕೆ ಬರುವ ತನಕ ಆಸರೆಯಾಗಬೇಕಾದುದು ನ್ಯಾಯವೇ ಹೊರತು ಕರುಣೆಯಲ್ಲ.

ಇಷ್ಟಾಗಿಯೂ ವರ್ಷದ ಗುತ್ತಿಗೆಯವನು ಮಾಡತಕ್ಕದ್ದೇನೆಂಬುದು ಉಳಿಯುವುದು. ತನ್ನ ಶಕ್ತಿಯನ್ನು ಮೀರಿ ನೆಲಕ್ಕೆ ಸುರಿಯಬೇಕೆಂದು ಅವನಿಗೆ ಯಾರೂ ವಿಧಿಸಲಾರರು. ರೋಗದ ಗಿಡವನ್ನು ಕಿತ್ತು ಸುಡುವುದು, ಅವರೆಯ ಬೇರನ್ನು ನೆಲದಲ್ಲಿಯೇ ಬಿಡುವುದು, ಬದುವನ್ನು ಕೊಚ್ಚಿಹೋಗದಂತೆ ಕಟ್ಟುವುದು, ಇವಕ್ಕೆ ಹಣ ಬೇಡ, ಮನಸ್ಸು ಸಾಕು. ಪಡೆದುದಕ್ಕಿಂತ ಕೆಡಿಸಿ ಬಿಡದಿರುವುದು ಎಲ್ಲರ ಹೊಣೆ. ಪಡೆದುದಕ್ಕಿಂತ ಮೇಲಾಗಿಸುವುದು ಶಕ್ತರ ಹೊಣೆ. ಹಿತ್ತಲಿನ ಅತ್ಯುತ್ತಮವಾದ ಕಾಯನ್ನು ಅಡಿಗೆಗೆ ಕೊಯ್ಯದೆ ಬೀಜಕ್ಕೆ ಬಿಡುವ ಗೃಹಿಣಿಗೆ ಈ ನ್ಯಾಯವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆಕೆಯ ಬೀಜವು ನೆರೆಮನೆಯ ಹಿತ್ತಲಲ್ಲಿಯೂ ಮೊಳೆಯುವುದು. ಅದರಿಂದ ಆಕೆಯದೇನೂ ಕಡಿಮೆಯಾಗುವುದಿಲ್ಲ.