ಹೆಸರಿಗೆ ಹೆಸರಿಡುವವರು

'ಹೆಸರಿಡುವುದು' ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ತೊಟ್ಟಿಲ ಮಗುವಿಗೆ ನಾಮಕರಣ ಮಾಡುವುದು ಒಂದು. ಮತ್ತೊಬ್ಬರು ಮಾಡಿದ್ದರಲ್ಲಿ ಕೊಂಕು ತೆಗೆಯುವುದು ಇನ್ನೊಂದು. ಮೊದಲನೆಯದು ನಡೆದ ಮನೆಯಲ್ಲಿ, ಊಟಕ್ಕೆ ಎಲೆ ಹಾಕುವ ಮುಂಚೆಯೇ ಎರಡನೆಯದೂ ಶುರುವಾಗುತ್ತದೆಂಬುದು ನನ್ನ ಅನುಭವ.

ಕಳೆದ ವರ್ಷ ಮದ್ದೂರಿನಲ್ಲಿ ನನ್ನ ತಮ್ಮನ ಮಗಳ ಕೂಸಿಗೆ ನಾಮಕರಣವಾಯಿತು. ಗಂಡಹೆಂಡಿರಿಬ್ಬರೂ ಎಂಜಿನಿಯರುಗಳು, ಬೆಂಗಳೂರಿನಲ್ಲಿ ಕೆಲಸ. ತಟ್ಟೆಯಲ್ಲಿ ಹರಡಿದ್ದ ಅಕ್ಕಿಯ ಮೇಲೆ ತಂದೆಯಾದವನು ಉಂಗುರದಿಂದ ಹೆಸರು ಬರೆದ. ಬಗ್ಗಿ ಓದಿದವರೆಲ್ಲ ಒಂದು ಗಳಿಗೆ ಸುಮ್ಮನಾದರು. ಅಲ್ಲಿ 'ಮಾದಪ್ಪ' ಎಂದಿತ್ತು.

ಬೆಂಗಳೂರಿನಿಂದ ಬಂದಿದ್ದ ಬಂಧುಗಳೊಬ್ಬರಿಗೆ ತಡೆಯಲಾಗಲಿಲ್ಲ. "ಏನಮ್ಮ, ಇಷ್ಟು ಓದಿ ಕಡೆಗೆ ಹುಡುಕಿದ್ದು ಈ ಹೆಸರನ್ನೆ? ನಾಳೆ ಶಾಲೆಯಲ್ಲಿ ಹುಡುಗರು ಆಡಿಕೊಳ್ಳುವುದಿಲ್ಲವೆ?" ಎಂದರು. ಅವಳು ಮಗುವಿನ ಕುಲಾವಿಯನ್ನು ಸರಿಮಾಡುತ್ತಲೇ ಹೇಳಿದಳು: "ಇವರ ತಾತನ ಹೆಸರು, ಮಾವ. ಗಾಡಿಗೆ ಕಬ್ಬು ತುಂಬಿಕೊಂಡು ಹೋಗಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ರಾತ್ರಿಯೆಲ್ಲ ಕಾಯುತ್ತಿದ್ದರಂತೆ. ಅವರು ಕಾದದ್ದರಿಂದ ಇವರು ಓದಿದ್ದು. ಆ ಹೆಸರು ಬೇಡವೆಂದರೆ ಇನ್ನು ಯಾರದನ್ನು ಇಡಲಿ?"

ನನಗೆ ಹಿಗ್ಗಾಯಿತು. ಊಟದ ಎಲೆಯ ಮುಂದೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಮಾದಪ್ಪನೆಂದರೆ ಏಳು ಮಲೆಯ ಒಡೆಯ ಮಹದೇಶ್ವರ. ಮಾದ, ಮಾದಯ್ಯ, ಮಾದಮ್ಮ ಎಂಬ ಹೆಸರಿನವರು ಈ ಸೀಮೆಯಲ್ಲಿ ಎಷ್ಟು ಮಂದಿ! ಮದ್ದೂರು ತಾಲ್ಲೂಕಿನವರೇ ಆದ ಜಿ. ಮಾದೇಗೌಡರು ಆ ಹೆಸರನ್ನು ಹೊತ್ತೇ ಕಾವೇರಿಗಾಗಿ ಬೀದಿಗಿಳಿದರು, 1989ರಲ್ಲೂ 1991ರಲ್ಲೂ ಲೋಕಸಭೆಗೆ ಆರಿಸಿ ಹೋದರು. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲೆ ಮುತ್ತತ್ತಿಯಿದೆ. ಅಲ್ಲಿನ ಆಂಜನೇಯನಿಗೆ ಮುತ್ತತ್ತಿರಾಯನೆಂದು ಹೆಸರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರಾದವರು, ಅದಕ್ಕೆ ಮೊದಲು ಆ ದೇವರ ಹೆಸರಿನ ಮುತ್ತುರಾಜರಲ್ಲವೆ? ಹೀಗೆಲ್ಲ ಹೇಳಿದೆ. ಬೆಂಗಳೂರಿನವರು ಪಾಯಸದ ಕಡೆ ಗಮನ ಕೊಟ್ಟರು. ನಾನು ಗೆದ್ದವನಂತೆ ಮಂಡ್ಯಕ್ಕೆ ಹಿಂದಿರುಗಿದೆ.

ಮೂರು ವಾರ ಕಳೆದಿರಲಿಲ್ಲ. ನಮ್ಮ ಮನೆಯ ಕಸಮುಸುರೆಗೆ ಬರುವ ಸಾಕಮ್ಮ ಒಂದು ಬೆಳಗ್ಗೆ ಸೆರಗಿನ ಮರೆಯಿಂದ ಸಕ್ಕರೆ, ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟಳು. ಮಳವಳ್ಳಿಯ ಕಡೆಗೆ ಕೊಟ್ಟಿದ್ದ ಮಗಳಿಗೆ ಗಂಡುಮಗುವಾಗಿತ್ತು. ಹಿಂದಿನ ದಿನ ಹೆಸರಿಟ್ಟಿದ್ದರು. "ಏನಮ್ಮ ಹೆಸರು?" ಎಂದೆ. "ರುತ್ವಿಕ್ಕು ಸ್ವಾಮಿ" ಎಂದಳು.

ನಾನು ನಕ್ಕೆ. ಗಟ್ಟಿಯಾಗಿ ನಗಲಿಲ್ಲ, ಓದಿದವರು ನಗುವಂತೆ, ತುಟಿಯ ಅಂಚಿನಲ್ಲಿ. ಋತ್ವಿಕ್ಕು ಎಂದರೆ ಯಜ್ಞ ಮಾಡಿಸುವ ಪುರೋಹಿತ. ಜೊತೆಗೆ ಮೊದಲ ಅಕ್ಷರವೇ ಋಕಾರ! "ಅರ್ಥ ಗೊತ್ತೇನಮ್ಮ?" ಎಂದು ಕೇಳಿಯೂಬಿಟ್ಟೆ.

ಆಕೆ ಪೊರಕೆ ಹಿಡಿದು ನಿಂತವಳು ಹೇಳಿದಳು: "ಅದ್ರ ಅರ್ಥ ನನ್ಗೇನ್ ಗೊತ್ತು ಸ್ವಾಮಿ, ಮಗಳು ಆರಿಸ್ಕೊಂಡ್ಲು. ನನ್ ಹೆಸ್ರಿನ ಅರ್ಥ ಮಾತ್ರ ಗೊತ್ತು. ನಾಕ್ನೇದೂ ಹೆಣ್ಣು ಅಂತ ಸಾಕು ಅಂದ್ಬುಟ್ರು. ಯಾರ್ ಕೂಗುದ್ರೂ ಸಾಕು ಸಾಕು ಅಂದಂಗೇ ಕೇಳ್ತದೆ. ಆ ಮಗೀನ ಯಾರೂ ಹಂಗೆ ಅನ್ಬಾರ್ದು, ಅಷ್ಟೆಯ." ಹೀಗೆಂದು ನಡುಮನೆ ಗುಡಿಸಲು ಹೋದಳು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮದ್ದೂರಿನಲ್ಲಿ ತಲೆದೂಗಿದವನು ಮಂಡ್ಯದಲ್ಲಿ ನಕ್ಕದ್ದೇಕೆ? ತಂದೆತಾಯಿಗಳು ಪ್ರೀತಿಯಿಂದ ಇಟ್ಟ ಹೆಸರು ಅಲ್ಲಿಯೂ ಒಂದು, ಇಲ್ಲಿಯೂ ಒಂದು. ಬೆಂಗಳೂರಿನ ಬಂಧುವಿಗಿಂತ ನಾನು ಉದಾರಿ ಎಂದುಕೊಂಡಿದ್ದೆ. ಅವರದಾದರೂ ಬಾಯಿಬಿಟ್ಟ ಮಾತು. ನನ್ನದು ಮೀಸೆಯ ಮರೆಯ ನಗೆ.

ಇದನ್ನು ಅಭಿರುಚಿಯ ಪ್ರಶ್ನೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹೆಸರಿನ ವಿಷಯದಲ್ಲಿ ನಮ್ಮ ಅಭಿರುಚಿ ಎಲ್ಲಿಂದ ಬಂತೆಂದು ಹುಡುಕಹೊರಟರೆ ದೂರ ಹೋಗಬೇಕಾಗುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ನಾಮಕರಣದ ವಿಧಿಯಿದೆ. ಬ್ರಾಹ್ಮಣನ ಹೆಸರಿನಲ್ಲಿ ಮಂಗಳ, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಧನ ಕಾಣಬೇಕು. ಶೂದ್ರನದು ಜುಗುಪ್ಸೆ ಹುಟ್ಟಿಸುವಂತಿರಬೇಕು ಎಂದು ಅದರ ಅಭಿಪ್ರಾಯ. ಅಂಬೇಡ್ಕರರೂ ಅವರ ಸಂಗಡಿಗರೂ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಗ್ರಂಥವನ್ನು ಸುಟ್ಟರು. ಗ್ರಂಥ ಸುಟ್ಟರೂ ಅದರ ಒಂದು ಸಾಲು ನನ್ನ ತುಟಿಯ ಅಂಚಿನಲ್ಲಿ ಉಳಿದುಕೊಂಡಿತ್ತೆಂದು ಈಗ ತೋರುತ್ತದೆ. ಇಂಥವರಿಗೆ ಇಂಥ ಹೆಸರು ಹೊಂದುವುದಿಲ್ಲ ಎಂದು ಯಾರಾದರೂ ನಕ್ಕರೆ, ಓದಿರಲಿ ಓದದಿರಲಿ, ಅವರು ಆ ವಿಧಿಯ ಕಾವಲುಗಾರರೇ.

ಹಳೆಯ ಹೆಸರು ಬಿಟ್ಟವರು ಬೇರು ಮರೆತವರು ಎಂದು ಕೆಲವರು ಮರುಗುವುದುಂಟು. ಕುಪ್ಪಳಿಯ ಪುಟ್ಟಪ್ಪನವರು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟರು. ಪುಟ್ಟಪ್ಪನೆಂಬ ಹೆಸರಿನ ಬಗ್ಗೆ ಅವರಿಗೆ ನಾಚಿಕೆಯಿತ್ತೆಂದು ಯಾರು ಹೇಳಿಯಾರು? ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಹುಚ್ಚೇಗೌಡರ ಮಗ ಅಮರನಾಥನಾದ. 1972ರ 'ನಾಗರಹಾವು' ಚಿತ್ರದಲ್ಲಿ ಅಂಬರೀಷನಾದ. ಇತ್ತ ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ ಎಂದು, ಲೋಕ ಕೀಳೆಂದ ಕಸುಬನ್ನೇ ಹೆಸರಿನ ಮುಂದಿಟ್ಟು ತಲೆಯೆತ್ತಿ ನಿಂತರು. ಒಬ್ಬರು ಹೊಸದನ್ನು ಆರಿಸಿದರು, ಇನ್ನೊಬ್ಬರು ಹಳೆಯದನ್ನು ಎತ್ತಿಹಿಡಿದರು. ಗೌರವ ಇದ್ದದ್ದು ಆರಿಸುವ ಅಧಿಕಾರ ತಮ್ಮದೇ ಎಂಬುದರಲ್ಲಿ.

ಇನ್ನು, ಮಗುವಿಗೆ ಮುಂದೆ ತೊಂದರೆಯಾಗುತ್ತದಲ್ಲ ಎಂಬ ಕಾಳಜಿಯ ಮಾತು. ಇದರಲ್ಲಿ ನಿಜವಿಲ್ಲದೆ ಇಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ, ವಿದ್ಯೆ ಅನುಭವಗಳೆಲ್ಲ ಸಮನಾಗಿದ್ದು ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳುಹಿಸಿ ನೋಡಿದ್ದರು. ಮೇಲುಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ, ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಮ್ ಹೆಸರಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಇತ್ತು. ಹೆಸರು ಅನ್ನವನ್ನೂ ತಪ್ಪಿಸಬಲ್ಲುದು.

ಆದರೆ ತಪ್ಪಿಸಿದವರು ಯಾರು? ಹೆಸರೆ, ಅದನ್ನು ಓದಿದವರೆ? "ಹುಡುಗರು ಆಡಿಕೊಳ್ಳುತ್ತಾರೆ" ಎನ್ನುವ ದೊಡ್ಡವರ ನಗೆಯನ್ನು ನೋಡಿಯೇ ಅಲ್ಲವೆ ಹುಡುಗರು ಆಡಿಕೊಳ್ಳುವುದನ್ನು ಕಲಿಯುವುದು? ದಾರಿಗೆ ಮುಳ್ಳು ಹಾಕಿ, 'ನೋಡಿ ನಡೆಯಪ್ಪ' ಎಂದು ಬುದ್ಧಿ ಹೇಳಿದ ಹಾಗೆ ಇದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮದ್ದೂರಿನ ಮಾದಪ್ಪನಿಗೆ ತಂದೆತಾಯಿಗಳ ಪದವಿ, ಸಂಬಳ, ಇಂಗ್ಲಿಷು ಕಾವಲಿವೆ. ಅವನ ಹೆಸರು ಕೇಳಿದವರು ನಾಳೆ 'ಎಷ್ಟು ನೆಲದ ವಾಸನೆಯ ಹೆಸರು!' ಎಂದು ಮೆಚ್ಚಿಯಾರು. ಅದೇ ಹೆಸರು ಸಾಕಮ್ಮನ ಮೊಮ್ಮಗನಿಗಿದ್ದರೆ ಅದೇ ಜನ ಅವನಿಗೆ ಗಾಡಿ ತೊಳೆಯುವ ಕೆಲಸ ತೋರಿಸಿಯಾರು. ಹಳೆಯ ಹೆಸರನ್ನು ಉಳಿಸಿಕೊಳ್ಳುವುದೂ ಒಂದು ಅನುಕೂಲಸ್ಥಿಕೆಯೇ. ಅದಿಲ್ಲದವರು ಹೊಸ ಹೆಸರಿಗೆ ಕೈಚಾಚಿದರೆ, ಬಾಗಿಲು ಮುಚ್ಚಿದ ಮನೆಯವರು ಒಳಗೆ ಹೋಗಲು ಕಿಟಕಿ ಹುಡುಕಿದಂತೆ. ಕಿಟಕಿ ಹತ್ತುವವರ ಭಂಗಿಯನ್ನು ನೋಡಿ ನಗುವುದು ಸಜ್ಜನರ ಲಕ್ಷಣವಲ್ಲ.

ಹಾಗಾದರೆ ತಂದೆತಾಯಿಗಳು ಏನಿಟ್ಟರೂ ಸರಿಯೆ? ಫ್ರಾನ್ಸಿನಲ್ಲಿ 1803ರ ಒಂದು ಕಾನೂನಿನಂತೆ ಪಂಚಾಂಗದಲ್ಲೋ ಪ್ರಾಚೀನ ಇತಿಹಾಸದಲ್ಲೋ ಇರುವ ಹೆಸರನ್ನೇ ಇಡಬೇಕಾಗಿತ್ತು. ಕಾಲಕ್ರಮದಲ್ಲಿ ಸಡಿಲವಾಗುತ್ತ ಬಂದ ಆ ಕಟ್ಟು ಪೂರ್ತಿ ಬಿಚ್ಚಿದ್ದು 1993ರಲ್ಲಿ. ಈಗ ಮಗುವಿಗೆ ಹಾನಿಯಾಗುವಂಥ ಹೆಸರಿದ್ದರೆ ಮಾತ್ರ ನ್ಯಾಯಾಲಯ ನೋಡುತ್ತದೆ. ಇದು ನನಗೆ ನ್ಯಾಯವಾಗಿ ಕಾಣುತ್ತದೆ. ಹೆಸರು, ಕೇಳದೆ ಇನ್ನೊಂದು ಜೀವದ ಮೇಲೆ ಹೊರಿಸುವ ಹೊರೆ. ಆದ್ದರಿಂದ ತಂದೆತಾಯಿಗಳು ಉತ್ತರ ಹೇಳಬೇಕು. ಆದರೆ ಹೇಳಬೇಕಾದ್ದು ಬಂಧುಗಳಿಗಲ್ಲ, ನೆರೆಯವರಿಗಲ್ಲ. 'ನನಗೇಕೆ ಈ ಹೆಸರಿಟ್ಟಿರಿ?' ಎಂದು ಒಂದು ದಿನ ಕೇಳುವ ಆ ಮಗುವಿಗೆ. ಮದ್ದೂರಿನವಳ ಬಳಿ ಉತ್ತರವಿದೆ. ಸಾಕಮ್ಮನ ಮಗಳ ಬಳಿಯೂ ಇದೆ.

ಉತ್ತರವಿಲ್ಲದವನು ನಾನು. 1979ರಲ್ಲಿ ಮಳವಳ್ಳಿ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ. ಹಳ್ಳಿಗಾಡಿನಲ್ಲಿ ಜನನ ನೋಂದಣಿ ಮಾಡಿಸಿದವರು ಆಗ ಕಡಮೆ. ದಾಖಲಾತಿ ಪುಸ್ತಕದಲ್ಲಿ ಮೇಷ್ಟರು ಬರೆದದ್ದೇ ಹೆಸರು, ಬರೆದದ್ದೇ ಹುಟ್ಟಿದ ತಾರೀಖು. ಒಬ್ಬ ತಾಯಿ ಮಗನನ್ನು ಕರೆತಂದು 'ತಿಪ್ಪ' ಎಂದು ಬರೆಸಹೊರಟಳು. ನಾನು 'ಪ್ರಕಾಶ' ಎಂದು ಬರೆದೆ. ಉಪಕಾರ ಮಾಡಿದೆನೆಂದೇ ನನ್ನ ಭಾವನೆ. ಎರಡು ದಿನ ಬಿಟ್ಟು ಆಕೆ ಬಾಗಿಲಲ್ಲಿ ಬಂದು ನಿಂತಳು. "ಮೊದ್ಲು ಎರಡು ಕೂಸು ಹೋದೊ ಮೇಷ್ಟ್ರೆ. ಇದ್ನ ತಿಪ್ಪೆ ಮ್ಯಾಲೆ ಮಲಗ್ಸಿ ಎತ್ಕೊಂಡು ಬಂದು ಹೆಸ್ರಿಟ್ಟೆ. ಒಳ್ಳೆ ಹೆಸ್ರು ಕೂಗುದ್ರೆ ಅದ್ಕೆ ಕೇಳಿಸ್ಬುಡ್ತದೆ" ಎಂದಳು. 'ಅದು' ಎಂದರೆ ಸಾವು. ಮೂಢನಂಬಿಕೆಯೆಂದು ಬುದ್ಧಿ ಹೇಳಿ ಕಳುಹಿಸಿದೆ.

ಹುಡುಗ ಬದುಕಿದ, ಬೆಳೆದ. ಹತ್ತು ವರ್ಷದ ಕೆಳಗೆ ಮಳವಳ್ಳಿಯಲ್ಲಿ, ಛಾಪಾ ಕಾಗದ ಹಿಡಿದು ನಿಂತಿದ್ದವನು ನನ್ನನ್ನು ಗುರುತಿಸಿ ಕೈಮುಗಿದ. ತಂದೆಯ ಜಮೀನಿನ ಪೌತಿ ಖಾತೆ ಆಗಬೇಕಾಗಿತ್ತು. ಪಡಿತರ ಚೀಟಿಯಲ್ಲಿ ತಿಪ್ಪಯ್ಯ, ಶಾಲೆಯ ಕಾಗದದಲ್ಲಿ ಪ್ರಕಾಶ. ಎರಡು ಹೆಸರಿನವನೂ ನಾನೊಬ್ಬನೇ ಎಂದು ಅಫಿಡವಿಟ್ ಮಾಡಿಸುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. "ಅವ್ವ ಸಾಯೋಗಂಟ ತಿಪ್ಪ ಅಂತ್ಲೇ ಕೂಗ್ತಿದ್ಲು ಸಾರ್. ಈಗ ಆ ಹೆಸ್ರು ಕೂಗೋರೇ ಇಲ್ಲ, ಈ ಕಾಗ್ದದಲ್ಲಿ ಮಾತ್ರ ಐತೆ" ಎಂದ.

ಅಂದು ಹಳ್ಳಿಯ ಹೆಸರನ್ನು ಅಳಿಸಿದೆ. ಇಂದು ಪೇಟೆಯ ಹೆಸರನ್ನು ನೋಡಿ ನಕ್ಕೆ. ಒಂದಕ್ಕೊಂದು ಎದುರಾದ ತೀರ್ಪುಗಳಂತೆ ಕಾಣುತ್ತವೆ. ಅಲ್ಲ, ತೀರ್ಪು ಎರಡೂ ಸಲ ಒಂದೇ. ಹೆಸರು ಯಾವುದೆಂಬುದನ್ನು ನಾನು ನೋಡಲೇ ಇಲ್ಲ. ಇಟ್ಟವರು ಯಾರೆಂಬುದನ್ನು ನೋಡಿದೆ. ಎರಡೂ ಸಲ ನನ್ನ ಮುಂದೆ ನಿಂತವಳು, ಎದುರು ಮಾತಾಡಲು ಧೈರ್ಯ ಸಾಲದ, ಆದರೆ ತಾನೇಕೆ ಹಾಗೆ ಹೆಸರಿಟ್ಟೆನೆಂಬುದು ಚೆನ್ನಾಗಿ ಗೊತ್ತಿದ್ದ ಒಬ್ಬ ಬಡ ಹೆಂಗಸು.

ಮೊನ್ನೆ ಸಾಕಮ್ಮನ ಮಗಳು ಕೂಸನ್ನು ಎತ್ತಿಕೊಂಡು ಬಂದಿದ್ದಳು. ಯಾವುದೋ ಅರ್ಜಿಯನ್ನು ತುಂಬಿಕೊಡಬೇಕಾಗಿತ್ತು. ಜನನ ಪತ್ರವನ್ನು ಮುಂದಿಟ್ಟಳು. ಅದರಲ್ಲಿ 'ರುತ್ವಿಕ್' ಎಂದಿತ್ತು. ಮೊದಲ ಅಕ್ಷರಕ್ಕೆ ಬಂದಾಗ ನನ್ನ ಪೆನ್ನು ನಿಂತಿತು; ಮೇಷ್ಟರ ಕೈ, ಋಕಾರಕ್ಕೆ ತಿರುಗಹೊರಟಿತ್ತು. ಹೀಗೇ ಬರೆಯಲೇನಮ್ಮ ಎಂದು ಕೇಳಿದೆ. "ಹೂಂ ಸಾರ್, ನಾವು ಇಟ್ಟಂಗೆ" ಎಂದಳು.

ಅವರು ಇಟ್ಟ ಹಾಗೆಯೇ ಬರೆದೆ.