ಬಾಯಿ ಮುಚ್ಚಿಸುವ ಮೊದಲು

ಕಳೆದ ಬೇಸಿಗೆಯಲ್ಲಿ ನಮ್ಮ ತಾರಸಿಯ ಮೇಲೆ ಒಣಗಲು ಹಾಕಿದ್ದ ಎರಡು ಸೇರು ಅಕ್ಕಿಯ ಸಂಡಿಗೆ ನೀರುಪಾಲಾಯಿತು. ಮಳೆಯಿಂದಲ್ಲ, ಮಗಳ ಜಾಣತನದಿಂದ.

ಅವಳು ಬೆಂಗಳೂರಿನಲ್ಲಿ, ಯಂತ್ರಗಳೊಳಗೆ ಕೂರುವ ಪುಟ್ಟ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ರಜೆಗೆ ಬಂದವಳು, "ಅಮ್ಮ, ಮೋಟರು ಆಫ್ ಮಾಡೋಕೆ ಎಷ್ಟು ಸಲ ಓಡ್ತೀಯ? ಟ್ಯಾಂಕು ತುಂಬಿದ ಕೂಡಲೇ ತಾನೇ ನಿಲ್ಲೋ ಹಾಗೆ ಮಾಡಿಕೊಡ್ತೀನಿ" ಎಂದು ಆರ್ಡುಯಿನೊ ಊನೊ ಎಂಬ ಅಂಗೈಯಗಲದ ಬೋರ್ಡನ್ನು ಮುಂದಿಟ್ಟುಕೊಂಡು ಕುಳಿತಳು. ಎರಡು ದಿನ ಅದು ಲ್ಯಾಪ್‌ಟಾಪಿನ ಪರದೆಯ ಮೇಲೆ ತನ್ನ ಕೆಲಸದ ವರದಿ ಒಪ್ಪಿಸುತ್ತಲೇ ಇತ್ತು. 'ಮೋಟರು ಶುರು. ತುಂಬಿದೆ, ಒಂದು. ತುಂಬಿದೆ, ಎರಡು. ತುಂಬಿದೆ, ಮೂರು. ಮೋಟರು ಬಂದ್.' ನೀರು ಅಲುಗಾಡಿದರೆ ಮೋಸಹೋಗಬಾರದೆಂದು ಮೂರು ಸಲ ಎಣಿಸಿಯೇ ನಿಲ್ಲಿಸುತ್ತಿತ್ತು.

ಮೂರನೆಯ ದಿನ ಆ ಮಾತುಗಳನ್ನೆಲ್ಲ ತೆಗೆದಳು. "ಚೆನ್ನಾಗಿ ಮಾತಾಡ್ತಾ ಇತ್ತಲ್ಲೇ, ಯಾಕೆ?" ಎಂದೆ. ಅವು ತಪ್ಪು ಹುಡುಕಲು ಬರೆಯುವ ಡೀಬಗ್ ಸಂದೇಶಗಳಂತೆ. ಆ ಬೋರ್ಡಿನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್, ಕೆಲಸದ ನೆನಪಿಗೆ 2 ಕಿಲೋಬೈಟ್ ಮಾತ್ರ ಜಾಗ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 40 ಅಕ್ಷರದ ಒಂದು ಸಾಲನ್ನು ಕಳಿಸಲು ಸೆಕೆಂಡಿನ 24ರಲ್ಲಿ ಒಂದು ಪಾಲು ಬೇಕು. ನಮಗದು ಕಣ್ಣು ಮಿಟುಕಿಸುವಷ್ಟಿಲ್ಲ, ಚಿಪ್‌ಗೆ ಅದೇ ಒಂದು ಯುಗ.

ತೆಗೆಯುವ ಬಗೆ ನನಗೆ ಹಿಡಿಸಿತು. ಒಂದೊಂದೇ ಸಾಲನ್ನು ಅಳಿಸುವುದಿಲ್ಲ. ಸಿ ಭಾಷೆಯಲ್ಲಿ ಪ್ರಿಪ್ರೊಸೆಸರ್ ಎಂಬ ಗುಮಾಸ್ತನಿದ್ದಾನೆ. ಬರೆದದ್ದನ್ನು ಯಂತ್ರದ ಮಾತಿಗೆ ಇಳಿಸುವ ಕಂಪೈಲರ್ ಓದುವುದಕ್ಕೆ ಮೊದಲೇ ಇವನು ಪ್ರತಿಯನ್ನು ತಿದ್ದಿ ಕೊಡುತ್ತಾನೆ. 'ಈ ಹೆಸರು ಬಂದಲ್ಲೆಲ್ಲ ಅದರ ಬದಲು ಇದನ್ನು ಬರೆ' ಎಂದು ಅವನಿಗೆ ಕೊಡುವ ಅಪ್ಪಣೆಯೇ ಮ್ಯಾಕ್ರೊ. ಸಂದೇಶದ ಸಾಲುಗಳಿಗೆಲ್ಲ ಒಂದೇ ಮ್ಯಾಕ್ರೊ ಹೆಸರು. ಪರೀಕ್ಷೆಯ ಕಾಲದಲ್ಲಿ ಅದರ ಅರ್ಥ 'ಪರದೆಗೆ ಕಳಿಸು'. ಮುಗಿದ ಮೇಲೆ ಮೇಲಿನ ಒಂದು ಸಾಲು ಬದಲಿಸಿದರೆ ಅದರ ಅರ್ಥ ಬರಿ ಖಾಲಿ. ಬರೆದವರ ಕಡತದಲ್ಲಿ ಮಾತೆಲ್ಲ ಹಾಗೇ ಇರುತ್ತದೆ. ಚಿಪ್‌ಗೆ ಮಾತ್ರ ಅಂಥ ಮಾತೊಂದು ಇತ್ತೆಂದೇ ತಿಳಿಯುವುದಿಲ್ಲ.

ಅಂದು ಮಧ್ಯಾಹ್ನ ಟ್ಯಾಂಕು ತುಂಬಿತು, ಮೋಟರು ನಿಲ್ಲಲಿಲ್ಲ. ಸಂಡಿಗೆಯ ಕಥೆ ಮುಗಿಯಿತು. ಮಗಳು ಅರ್ಧ ಗಂಟೆ ಹುಡುಕಿ ತಲೆ ಚಚ್ಚಿಕೊಂಡಳು. "ಎಣಿಸೋದನ್ನ ಆ ಸಂದೇಶದ ಒಳಗೇ ಬರೆದುಬಿಟ್ಟಿದ್ದೆ ಅಮ್ಮ. ಮಾತು ತೆಗೆದಾಗ ಎಣಿಕೇನೂ ಹೋಯ್ತು." 'ತುಂಬಿದೆ' ಎಂದು ಹೇಳುತ್ತ ಹೇಳುತ್ತಲೇ ಲೆಕ್ಕಕ್ಕೆ ಒಂದು ಸೇರುತ್ತಿತ್ತು. ಮಾತು ಹೋದ ಮೇಲೆ ಲೆಕ್ಕ ಸೊನ್ನೆಯಲ್ಲೇ ನಿಂತಿತ್ತು.

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಅತ್ತೆ ನೆನಪಾದರು.

25 ವರ್ಷಗಳ ಹಿಂದಿನ ಮಾತು. ಅತ್ತೆಗೆ ತಾವು ಮಾಡಿದ್ದನ್ನೆಲ್ಲ ತಮಗೇ ಹೇಳಿಕೊಳ್ಳುವ ಅಭ್ಯಾಸ. "ಹಾಲು ಕಾಯ್ತು, ಇಳಿಸಿದೆ. ಹಿತ್ತಿಲ ಬಾಗಿಲು ಹಾಕಿದೆ. ಬೆಳಗಿನ ಮಾತ್ರೆ ಆಯ್ತು." ಕೇಳುವವರು ಯಾರೂ ಇರಲಿಲ್ಲ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಾನು, "ಅತ್ತೆ, ಅವರ ಮುಂದೆ ಹೀಗೆ ಗೊಣಗಬೇಡಿ, ಏನಾದರೂ ಅಂದುಕೊಂಡಾರು" ಎಂದೆ. ಅವರು ನನ್ನನ್ನೊಮ್ಮೆ ನೋಡಿ ತಲೆಯಾಡಿಸಿದರು. ಅಂದು ಗೊಣಗಲಿಲ್ಲ, ಮಾರನೆಯ ದಿನವೂ ಗೊಣಗಲಿಲ್ಲ. ಮನೆ ಎಷ್ಟು ನೆಮ್ಮದಿಯಾಗಿದೆ ಎಂದು ನಾನು ಇವರ ಹತ್ತಿರ ಹೇಳಿಯೂ ಹೇಳಿದೆ.

ಮೂರು ವಾರ ಕಳೆದಿರಬೇಕು. ನಾನು ಶಾಲೆಯಲ್ಲಿದ್ದಾಗ ಪಕ್ಕದ ಮನೆಯವರಿಂದ ಫೋನು ಬಂತು. ಅತ್ತೆ ಅಡುಗೆಮನೆಯಲ್ಲಿ ಮೈಯೆಲ್ಲ ಬೆವತು ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿದ್ದರಿಂದ ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ, "ತಗೊಂಡೆನೋ ಇಲ್ಲವೋ ಗೊತ್ತಾಗಲಿಲ್ಲ ಕಣಮ್ಮ. ಮೊದಲು ಬಾಯಲ್ಲಿ ಹೇಳ್ತಿದ್ದೆನಲ್ಲ, ನೆನಪಿರ್ತಿತ್ತು" ಎಂದರು. ದೂರುವ ದನಿಯಲ್ಲಿ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಇದನ್ನೆಲ್ಲ ಮಗಳಿಗೆ ಹೇಳಿ, "ನಿನ್ನ ಯಂತ್ರಾನೂ ಮಾತಾಡಿಕೊಂಡೇ ಇರಲಿ ಬಿಡೇ" ಎಂದೆ. ಅವಳು ಒಪ್ಪಲಿಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೊದಲ ಸಲ ಹಾರಿದ ಯುರೋಪಿನ ಏರಿಯಾನ್ 5 ರಾಕೆಟ್ಟಿನ ಕಥೆ ಹೇಳಿದಳು. ಅದರ ಪ್ರೋಗ್ರಾಂ ಬೇರೆ ಭಾಷೆಯದು. ಹಾರಿದ ಮೇಲೆ ಬೇಡವೇ ಬೇಡವಾಗಿದ್ದ ಒಂದು ಲೆಕ್ಕ, ಹಳೆಯ ಏರಿಯಾನ್ 4ರಿಂದ ಬಂದದ್ದು, ಒಳಗೆ ಉಳಿದಿತ್ತು. ಅದರಲ್ಲಿ ಅಂಕಿ ಜಾಗಕ್ಕೆ ಮೀರಿ ಬೆಳೆಯಿತು. ದಿಕ್ಕು ತಿಳಿಸಬೇಕಾದ ಕಂಪ್ಯೂಟರು ನಿಂತುಹೋಗಿ ತನ್ನ ದೋಷದ ವರದಿಯನ್ನು ಕಳಿಸಿತು. ಮುಖ್ಯ ಕಂಪ್ಯೂಟರು ಆ ವರದಿಯನ್ನೇ ಹಾರಾಟದ ಮಾಹಿತಿಯೆಂದು ತಿಳಿದು ರಾಕೆಟ್ಟನ್ನು ತಿರುಗಿಸಿತು. ಸುಮಾರು 40 ಸೆಕೆಂಡಿನಲ್ಲಿ ಎಲ್ಲ ಚೂರಾಯಿತು. "ಎಲ್ಲ ಮಾತನ್ನೂ ಉಳಿಸೋಕಾಗಲ್ಲ ಅಮ್ಮ. ಆದರೆ ತೆಗೆಯೋ ಮೊದಲು, ಅದು ಬರಿ ಹೇಳ್ತಾ ಇದೆಯೋ, ಕೆಲಸಾನೂ ಮಾಡ್ತಾ ಇದೆಯೋ ನೋಡಬೇಕಿತ್ತು. ನಾನು ನೋಡಲಿಲ್ಲ" ಎಂದಳು.

ನಾನೂ ನೋಡಿರಲಿಲ್ಲ. ಬಂದವರ ಮುಂದೆ ಮರ್ಯಾದೆಯ ಯೋಚನೆ ಮಾಡಿದೆನೇ ಹೊರತು, ಈ ಹೆಂಗಸು ಯಾಕೆ ಹೀಗೆ ಹೇಳಿಕೊಳ್ಳುತ್ತಾಳೆ ಎಂದು ಒಂದು ದಿನವೂ ಕೇಳಲಿಲ್ಲ.

ಮಗಳು ಎಣಿಕೆಯನ್ನು ಬೇರೆ ಸಾಲಿಗೆ ತಂದಳು. ಸರಿಹೋಗಿದೆಯೇ ಎಂದು ನೋಡಲು ಮೇಲಿನ ಒಂದು ಸಾಲು ಬದಲಿಸಿದಾಗ ಬೋರ್ಡು ಮತ್ತೆ ವಟಗುಟ್ಟತೊಡಗಿತು. ಅತ್ತೆಗೂ ನಾನು ವಾರದ ಹೆಸರು ಬರೆದ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದೆ. "ಮೊದಲಿನ ಹಾಗೇ ಹೇಳಿಕೊಳ್ಳಿ ಅತ್ತೆ, ನಾನು ಏನೂ ಅನ್ನಲ್ಲ" ಎಂದಿದ್ದೆ. "ಅಭ್ಯಾಸ ತಪ್ಪಿಹೋಯ್ತು ಬಿಡಮ್ಮ" ಎಂದು ನಕ್ಕಿದ್ದರು. ಆಮೇಲೆ ಒಂಬತ್ತು ವರ್ಷ ನಮ್ಮೊಂದಿಗಿದ್ದರು, ಅಡುಗೆಮನೆಯಲ್ಲಿ ಆ ದನಿ ಮತ್ತೆ ಕೇಳಲಿಲ್ಲ.

ನನ್ನ ತರಗತಿಯಲ್ಲಿ ಕಳೆಯುವ ಲೆಕ್ಕ ಮಾಡುವಾಗ ತುಟಿಯಾಡಿಸುತ್ತ ಪಿಸುಗುಟ್ಟುವ ಹುಡುಗಿಯೊಬ್ಬಳಿದ್ದಾಳೆ. ನಲವತ್ತು ಮಕ್ಕಳೂ ಹಾಗೆ ಮಾಡಿದರೆ ಪಾಠ ನಡೆಯುವುದಿಲ್ಲ, ನಿಜ. ಆದರೂ ಈಗೀಗ "ಬಾಯಿ ಮುಚ್ಚು" ಎನ್ನುವ ಮೊದಲು ಅವಳ ಪಕ್ಕ ಬಗ್ಗಿ, ಏನು ಹೇಳಿಕೊಳ್ಳುತ್ತಿದ್ದಾಳೆಂದು ಕೇಳಿಸಿಕೊಳ್ಳುತ್ತೇನೆ.