ಧರ್ಮ ಯಾವುದು, ವಾಡಿಕೆ ಯಾವುದು?

ಬಗದಲ್, ಭಾಲ್ಕಿ, ಔರಾದ್ ಕಡೆಯ ತರುಣನೊಬ್ಬ ದುಡಿಮೆಗಾಗಿ ಜಿದ್ದಾಕ್ಕೋ ದುಬೈಗೋ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಸಣ್ಣಪುಟ್ಟ ವ್ಯತ್ಯಾಸಗಳು. ಊರಿನಲ್ಲಿ ಹನಫೀ ಪದ್ಧತಿಯಂತೆ ತಡವಾಗಿ ಆಗುತ್ತಿದ್ದ ಅಸ್ರ್‌ನ ಅದಾನ್ ಅಲ್ಲಿ ಬೇಗನೆ ಕೇಳಿಬರುತ್ತದೆ. ಫಾತಿಹಾ ಮುಗಿದೊಡನೆ ಇಡೀ ಸಫ್ಫು ಗಟ್ಟಿಯಾಗಿ ಆಮೀನ್ ಎನ್ನುತ್ತದೆ. ಪಕ್ಕದಲ್ಲಿ ನಿಂತ ಮಾಲಿಕೀ ಪದ್ಧತಿಯ ಸಹೋದರ ಕೈ ಕಟ್ಟದೆ ಇಳಿಬಿಟ್ಟೇ ನಮಾಝ್ ನಿರ್ವಹಿಸುತ್ತಾನೆ. ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕಾರು ಮಂದಿ ಕುಳಿತು ಉಣ್ಣುತ್ತಾರೆ. ಸಕ್ಕರೆಯಿಲ್ಲದ ಖಹ್ವಾ ಸಾಕೆನಿಸಿದರೆ ಬಟ್ಟಲನ್ನು ಅಲುಗಾಡಿಸಿ ತಿಳಿಸಬೇಕು.

ಪ್ರಿಯ ಓದುಗರೇ, ಇಂತಹ ವ್ಯತ್ಯಾಸಗಳು ಮನುಷ್ಯನನ್ನು ಎರಡು ರೋಗಗಳಿಗೆ ಈಡುಮಾಡಬಲ್ಲವು. ಒಂದು, ನಮ್ಮೂರಿನದ್ದೇ ಸರಿ, ಉಳಿದವರದ್ದೆಲ್ಲ ತಪ್ಪು ಎಂಬ ಭಾವನೆ. ಇನ್ನೊಂದು, ಅರಬರದ್ದೆಲ್ಲ ಇಸ್ಲಾಮ್, ನಮ್ಮ ತಾಯ್ತಂದೆಯರದ್ದೆಲ್ಲ ಅಜ್ಞಾನ ಎಂಬ ಭಾವನೆ. ಎರಡರ ಬೇರೂ ಅಹಂಕಾರವೇ.

ಪ್ರವಾದಿವರ್ಯರ(ಸ) ಜೀವನದ ಒಂದು ಘಟನೆಯನ್ನು ನೋಡಿರಿ. ಅವರ ಮುಂದೆ ಒಮ್ಮೆ ಮರಳುಗಾಡಿನ ಉಡದ ಸುಟ್ಟ ಮಾಂಸವನ್ನು ಇಡಲಾಯಿತು. ಅದೇನೆಂದು ತಿಳಿದಾಗ ಅವರು ಕೈ ಹಿಂತೆಗೆದರು. ಇದು ನಿಷಿದ್ಧವೇ ಎಂದು ಹ. ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ನಿಷಿದ್ಧವಲ್ಲ, ತಮ್ಮ ಜನರ ನಾಡಿನಲ್ಲಿ ಅದಿಲ್ಲದ್ದರಿಂದ ತಮಗೆ ರುಚಿಸುತ್ತಿಲ್ಲ ಎಂದರು. ಖಾಲಿದ್(ರ) ಅವರೆದುರೇ ಅದನ್ನು ತಿಂದರು. ಸ್ವತಃ ಪ್ರವಾದಿಯವರೇ(ಸ) ತಮ್ಮ ಅಭಿರುಚಿಯನ್ನು ಧರ್ಮದ ಕಾನೂನಾಗಿ ಮಾಡದಿರುವಾಗ, ನಮ್ಮ ಅಭಿರುಚಿಯನ್ನು ಇತರರ ಮೇಲೆ ಹೇರಲು ನಮಗೇನು ಹಕ್ಕಿದೆ?

ಈ ಪಾಠ ಮರೆತದ್ದಕ್ಕೆ ನಮ್ಮ ಬೀದರ್ ಭಾರೀ ಬೆಲೆ ತೆತ್ತಿದೆ. ಅಂದು ವಲಸೆ ಇತ್ತ ಕಡೆಗಿತ್ತು. ಇರಾನಿನ ಗೀಲಾನ್‌ನಿಂದ 1453ರಲ್ಲಿ ಇಲ್ಲಿಗೆ ಬಂದ ವ್ಯಾಪಾರಿ ಮಹ್ಮೂದ್ ಗಾವಾನ್ ಬಹಮನೀ ರಾಜ್ಯದ ಪ್ರಧಾನಿಯಾದರು. 1472ರಲ್ಲಿ ಅವರು ಕಟ್ಟಿಸಿದ ಮದ್ರಸವನ್ನು ನಾವು ಇಂದಿಗೂ ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಆಗ ದರ್ಬಾರು ದಖನಿಗಳು ಮತ್ತು ಹೊರನಾಡಿನಿಂದ ಬಂದ ಆಫಾಕಿಗಳು ಎಂದು ಇಬ್ಭಾಗವಾಗಿತ್ತು. ಆ ಮತ್ಸರ ಒಂದು ಖೋಟಾ ಪತ್ರವನ್ನು ಸೃಷ್ಟಿಸಿತು. 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಆ ನಿರಪರಾಧಿಯ ಶಿರಚ್ಛೇದವಾಯಿತು. ಮುಂದೆ ರಾಜ್ಯವೇ ಐದು ಹೋಳಾಯಿತು.

ಹಾಗಾದರೆ ವ್ಯತ್ಯಾಸ ಕಂಡಾಗ ನಾವು ಮಾಡಬೇಕಾದುದೇನು? ಅಲ್ಲಾಹನು ಇದನ್ನು ಆದೇಶಿಸಿರುವನೇ, ನಿಷೇಧಿಸಿರುವನೇ ಅಥವಾ ನಮ್ಮ ಆಯ್ಕೆಗೆ ಬಿಟ್ಟಿರುವನೇ ಎಂದು ಕೇಳಿಕೊಳ್ಳಬೇಕು. ಆಯ್ಕೆಗೆ ಬಿಟ್ಟದ್ದರಲ್ಲಿ ಜಗಳಕ್ಕೆ ಎಡೆಯಿಲ್ಲ. ಆದೇಶವಿರುವಲ್ಲಿ ವಾಡಿಕೆಯ ನೆಪಕ್ಕೂ ಎಡೆಯಿಲ್ಲ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪ್ರವಾದಿಯವರ(ಸ) ಬೋಧನೆ. ಅದನ್ನು ತಡೆಹಿಡಿಯುವ ಮಾಲಕ ಅರಬನಾದರೂ ಅವನ ನಡತೆ ಇಸ್ಲಾಮ್ ಆಗದು. ವರನು ವಧುವಿಗೆ ಮಹ್ರ್ ನೀಡಬೇಕೆಂಬುದು ಸೂರಃ ಅನ್ನಿಸಾದ ಆಜ್ಞೆ. ವಧುವಿನ ಮನೆಯಿಂದಲೇ 'ಜೋಡೇ ಕೀ ರಖಮ್' ವಸೂಲಿ ಮಾಡುವುದು ನಮ್ಮ ಹಿರಿಯರ ವಾಡಿಕೆಯಾದರೂ ನ್ಯಾಯವಾಗದು.

ದುಃಖದ ಸಂಗತಿಯೆಂದರೆ ಎಷ್ಟೋ ಸಲ ಎಲ್ಲವೂ ತಲೆಕೆಳಗಾಗುತ್ತದೆ. ಗಲ್ಫಿನಿಂದ ಮರಳಿದ ಮಗ ತಾಯಿ ಸೆರಗು ಹೊದ್ದ ಬಗೆಯನ್ನು ತಿದ್ದುತ್ತಾನೆ, ತಂದೆಯ ಟೋಪಿಯನ್ನು ಆಕ್ಷೇಪಿಸುತ್ತಾನೆ. ತನ್ನ ನಿಕಾಹ್‌ನ ಮಾತು ಬಂದಾಗ ಮಾತ್ರ, ಬೈಕು, ನಗದು ಎಲ್ಲ ಊರಿನ ಪದ್ಧತಿಯಂತೆಯೇ ಇರಲಿ ಎಂದು ಮೌನವಾಗುತ್ತಾನೆ. ಬಿಡಬಹುದಾದುದನ್ನು ಹಿಡಿದು, ಬಿಡಲೇಬೇಕಾದುದನ್ನು ಉಳಿಸಿಕೊಂಡಂತಾಯಿತು.

ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಶ್ರೇಷ್ಠತೆಯಿರುವುದು ತಕ್ವಾದಲ್ಲಿ ಎಂದು ಸೂರಃ ಅಲ್ ಹುಜುರಾತ್ ತಿಳಿಸುತ್ತದೆ. ನಿಮ್ಮ ಮಗ ಈ ಸಲ ರಜೆಗೆ ಬಂದಾಗ ಪೆಟ್ಟಿಗೆಯಲ್ಲಿ ಏನು ತಂದೆ ಎಂದು ಕೇಳುವ ಜೊತೆಗೆ, ಯಾವ ಒಳ್ಳೆಯ ನಡತೆ ಕಲಿತು ಬಂದೆ ಎಂದೂ ಕೇಳಿರಿ. ಅವನೂ ನಿಮ್ಮಲ್ಲಿ ಅದನ್ನೇ ಕೇಳಲಿ.